ಮನೆಯಲ್ಲಿ ಹಿಂಸೆ, ಲೈಂಗಿಕ ದೌರ್ಜನ್ಯ ಎದುರಿಸುತ್ತಿರುವ ವಿದ್ಯಾರ್ಥಿನಿಯರಿಗೆ ಕಾಲೇಜು ನಿಜವಾಗಿ ಏನು ಮಾಡಬಹುದು?

ಪ್ರಶ್ನೆ: ಮಹಿಳಾ_ಘಟಕ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಮಹಿಳಾ ಘಟಕದ ಜವಾಬ್ದಾರಿ ನನ್ನದು. ಒಂದು ಹಾಸ್ಟೆಲ್ ಇದೆ. ಉಳಿದ ಹುಡುಗಿಯರು ಪಿಜಿಯಲ್ಲಿರುತ್ತಾರೆ, ಇಲ್ಲವೇ ಮನೆಯಿಂದ ಓಡಾಡುತ್ತಾರೆ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ (ಐಸಿ) ಇದೆ, ಗೋಡೆಯ ಮೇಲೆ ಬೋರ್ಡೂ ಇದೆ.

ಆದರೆ ಹುಡುಗಿಯರು ಬಂದು ಹೇಳಿಕೊಳ್ಳುವುದರಲ್ಲಿ ಹೆಚ್ಚಿನದು ಆ ಬೋರ್ಡಿನ ವ್ಯಾಪ್ತಿಗೇ ಬರುವುದಿಲ್ಲ. ಅಪ್ಪ ಅಥವಾ ಅಣ್ಣ ಹೊಡೆಯುವುದು, ಓದು ಬಿಡಿಸಿ ಮದುವೆಗೆ ಒತ್ತಾಯ, ಮದುವೆಯಾದವರಿಗೆ ಗಂಡನ ಮನೆಯ ಕಾಟ, ಸಂಬಂಧಿಕನಿಂದ ದೌರ್ಜನ್ಯ, ಪ್ರೀತಿಸಿದವನು ಫೋಟೋ ಇಟ್ಟುಕೊಂಡು ಹೆದರಿಸುವುದು. ಇವರಲ್ಲಿ ಬಹುತೇಕರು ದೂರು ಕೊಡಲು ಸಿದ್ಧರಿಲ್ಲ. ಅವರಿಗೆ ಬೇಕಾಗಿರುವುದು ಹಾಜರಾತಿ ಉಳಿಯುವುದು, ಪರೀಕ್ಷೆ ಬರೆಯುವುದು, ರಾತ್ರಿ ಮಲಗಲು ಒಂದು ಜಾಗ.

ನನಗೆ ತಿಳಿಯಬೇಕಿರುವುದು ಇಷ್ಟು. ದೂರಿಲ್ಲದೆ ಕಾಲೇಜು ಎಷ್ಟರ ಮಟ್ಟಿಗೆ ನೆರವಾಗಬಹುದು? ಮೊದಲು ಕೇಳಿಸಿಕೊಳ್ಳುವವರು ಏನು ಹೇಳಬೇಕು, ಏನು ಹೇಳಬಾರದು? ಮನೆಯವರಿಗೆ ತಿಳಿಸಬೇಕೇ? ಪೊಲೀಸ್, ಆಸ್ಪತ್ರೆ, ಕೋರ್ಟ್ ಎಲ್ಲಿ ಬರುತ್ತವೆ? ಕಚೇರಿ ಮಟ್ಟದಲ್ಲಿ ಎಡವುವುದು ಎಲ್ಲಿ? ಭಾಷಣ ಬೇಡ, ಮಾಡುವ ಕೆಲಸ ಹೇಳಿ.

ಉತ್ತರ 1: ಆಪ್ತಸಮಾಲೋಚಕಿ

ಮೇಡಂ, ಎಲ್ಲಕ್ಕಿಂತ ಮೊದಲು ಪ್ರಾಂಶುಪಾಲರಿಂದ ಒಂದು ಸುತ್ತೋಲೆ ಬರೆಸಿಕೊಳ್ಳಿ. ಹಾಜರಾತಿ, ಪರೀಕ್ಷೆ, ವಸತಿ, ಶುಲ್ಕ ಈ ನಾಲ್ಕು ವಿಷಯಗಳಲ್ಲಿ ಕೊಡುವ ನೆರವಿಗೆ ಲಿಖಿತ ದೂರು ಬೇಕಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ನೆರವು ಬೇರೆ, ದೂರು ಬೇರೆ. ಇವೆರಡನ್ನೂ ಒಟ್ಟಿಗೆ ಕಟ್ಟಿದ ಕಡೆ ಹುಡುಗಿ ಎರಡನ್ನೂ ಬಿಟ್ಟು ಹೋಗುತ್ತಾಳೆ. ಆಮೇಲೆ ದಾಖಲೆಯಲ್ಲಿ ಅವಳು "ಕಾಲೇಜು ಬಿಟ್ಟವಳು" ಅಷ್ಟೇ.

ಎರಡನೆಯದು, ಒಬ್ಬ ಸಂಪರ್ಕ ವ್ಯಕ್ತಿ ಇರಬೇಕು. ಸಮಿತಿ ಅಲ್ಲ, ಒಬ್ಬರು. ಅವರಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರು. ಹುಡುಗಿ ತನ್ನ ಕಥೆಯನ್ನು ಒಂದೇ ಸಲ ಹೇಳಬೇಕು. ಆಮೇಲೆ ಎಚ್‌ಒಡಿ (ವಿಭಾಗ ಮುಖ್ಯಸ್ಥರು), ವಾರ್ಡನ್, ಪರೀಕ್ಷಾ ವಿಭಾಗದ ಹತ್ತಿರ ಓಡಾಡುವುದು ಸಂಪರ್ಕ ವ್ಯಕ್ತಿಯ ಕೆಲಸ. ಈಗ ಬಹಳ ಕಡೆ ನಡೆಯುವುದು ಇದರ ಉಲ್ಟಾ: ಕ್ಲಾಸ್ ಟೀಚರ್‌ಗೆ ಒಂದು ಸಲ, ಎಚ್‌ಒಡಿಗೆ ಒಂದು ಸಲ, ಕೊನೆಗೆ ಕಚೇರಿಯ ಕಿಟಕಿಯ ಮುಂದೆ ನಿಂತು ಇನ್ನೊಂದು ಸಲ. ಹಿಂದೆ ಕ್ಯೂನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ.

ಮೊದಲ ಮಾತಿನ ಬಗ್ಗೆ. ಅವಳು ಬಾಯಿಬಿಟ್ಟಾಗ ಹೇಳಬೇಕಾದದ್ದು ಹೆಚ್ಚೇನಿಲ್ಲ: "ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ. ಈಗ ಏನು ಮಾಡಬೇಕು ಅನ್ನೋದನ್ನ ನಿನ್ನ ಕೇಳಿಯೇ ಮಾಡ್ತೀವಿ." ಆಮೇಲೆ ಕೇಳಬೇಕಾದ ಪ್ರಶ್ನೆಗಳು: ಇವತ್ತು ರಾತ್ರಿ ಎಲ್ಲಿರ್ತೀಯ? ಅಲ್ಲಿ ಅವನಿರ್ತಾನಾ? ಗಾಯ ಆಗಿದೆಯಾ? ಯಾವತ್ತಾದರೂ ಕುತ್ತಿಗೆ ಹಿಸುಕಿದ್ದಾನಾ? ಸಾಯಬೇಕು ಅನ್ನಿಸುತ್ತಾ? ಫೋನ್ ಯಾರು ನೋಡ್ತಾರೆ? ಈ ಆರು ಪ್ರಶ್ನೆಗಳಿಂದ ಇವತ್ತೇ ಏನು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ಕುತ್ತಿಗೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹೊರಗೆ ಗುರುತೇ ಇಲ್ಲದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ ಅವತ್ತೇ ಆಸ್ಪತ್ರೆಗೆ ಕಳಿಸಿ.

ಕೇಳಬಾರದ ಪ್ರಶ್ನೆಗಳೂ ಇವೆ: "ಯಾಕೆ ಮುಂಚೆ ಹೇಳಲಿಲ್ಲ?", "ನೀನೇನು ಮಾಡಿದ್ದೆ?", "ಅಪ್ಪ ಅಲ್ವಾ, ನಿನ್ನ ಒಳ್ಳೇದಕ್ಕೇ ಇರಬೇಕು." ಘಟನೆಯ ವಿವರಗಳನ್ನು ಒಂದೊಂದಾಗಿ ಬಿಡಿಸಿ ಕೇಳುವುದೂ ಬೇಡ. ಅದು ತನಿಖೆ ಮಾಡುವವರ ಕೆಲಸ. ನಾವು ಅರ್ಧಂಬರ್ಧ ಕೇಳಿ ಬರೆದಿಟ್ಟದ್ದು ಮುಂದೆ ಕೋರ್ಟಿನಲ್ಲಿ ಅವಳ ಹೇಳಿಕೆಗೆ ವಿರುದ್ಧವಾಗಿ ಬಳಕೆಯಾಗಬಹುದು.

ಇನ್ನೊಂದು ಮಾತು ಖಂಡಿತವಾಗಿ ಹೇಳುತ್ತೇನೆ. ಎರಡೂ ಕಡೆಯವರನ್ನು ಪ್ರಾಂಶುಪಾಲರ ಕೊಠಡಿಯಲ್ಲಿ ಕೂರಿಸಿ ಮಾತಾಡಿಸಿ ರಾಜಿ ಮಾಡಿಸುವುದು ಆಪ್ತಸಮಾಲೋಚನೆ ಅಲ್ಲ. ಹೊಡೆದವನ ಮುಂದೆ ಅವಳು "ಎಲ್ಲ ಸರಿಹೋಯ್ತು" ಅಂತಲೇ ಹೇಳುತ್ತಾಳೆ. ಮನೆಗೆ ಹೋದ ಮೇಲೆ ಅದಕ್ಕೂ ಸೇರಿಸಿ ಏಟು ಬೀಳುತ್ತದೆ.

ಆಡಳಿತ ಮಂಡಳಿ "ಕೌನ್ಸೆಲರ್‌ಗೆ ದುಡ್ಡಿಲ್ಲ" ಅಂದರೆ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊಟ್ಟ ನಿರ್ದೇಶನ ತೋರಿಸಿ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಒಬ್ಬರಾದರೂ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಲೇಬೇಕು. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅದರ ಕೇಂದ್ರವೇ ನಮ್ಮ ನಿಮ್ಹಾನ್ಸ್.

ಉತ್ತರ 2: ಕಚೇರಿ_ಅಧೀಕ್ಷಕ

ಮೇಡಂ, ಕಚೇರಿ ಕಡೆಯಿಂದ ಹೇಳ್ತೀನಿ. ಹೆಚ್ಚಿನ ಎಡವಟ್ಟು ಆಗೋದು ಇಲ್ಲೇ, ಅದೂ ಯಾರಿಗೂ ಗೊತ್ತಾಗದ ಹಾಗೆ.

ಮೊದಲನೇದು ಎಸ್‌ಎಂಎಸ್. ಹುಡುಗಿ ಗೈರಾದ ತಕ್ಷಣ ಅಪ್ಪನ ಮೊಬೈಲ್‌ಗೆ ಮೆಸೇಜ್ ಹೋಗುವ ವ್ಯವಸ್ಥೆ ಈಗ ಎಷ್ಟೋ ಕಾಲೇಜುಗಳಲ್ಲಿದೆ. ಅವಳು ಬೆಳಿಗ್ಗೆ ವಕೀಲರ ಹತ್ತಿರಾನೋ ಆಸ್ಪತ್ರೆಗೋ ಹೋಗಿರ್ತಾಳೆ, ಹತ್ತೂವರೆಗೆಲ್ಲ ಮನೆಯವರಿಗೆ ಸುದ್ದಿ ಮುಟ್ಟಿರುತ್ತೆ. ಆದ್ದರಿಂದ ಸಂಪರ್ಕ ವ್ಯಕ್ತಿಯಿಂದ ಚೀಟಿ ಬಂದ ದಿನವೇ ಆ ರಿಜಿಸ್ಟರ್ ನಂಬರಿಗೆ ಪೋಷಕರ ಮೆಸೇಜ್ ನಿಲ್ಲಿಸಬೇಕು. ಒಂದು ಎಚ್ಚರಿಕೆ: ಪೂರ್ತಿ ನಿಂತುಹೋದರೆ ಮನೆಯವರಿಗೆ ಅನುಮಾನ ಬರುತ್ತೆ. ಯಾವ ಮೆಸೇಜ್ ಹೋಗಲಿ, ಯಾವುದು ಬೇಡ ಅನ್ನೋದನ್ನ ಅವಳನ್ನೇ ಕೇಳಿ ತೀರ್ಮಾನ ಮಾಡಿ.

ಎರಡನೇದು ಒಟಿಪಿ. ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಸೇರುವಾಗ ಎಷ್ಟೋ ಹುಡುಗಿಯರು ಅಪ್ಪನದೋ ಅಣ್ಣನದೋ ನಂಬರ್ ಕೊಟ್ಟಿರ್ತಾರೆ. ಪರೀಕ್ಷಾ ಅರ್ಜಿಗೆ, ಫಲಿತಾಂಶಕ್ಕೆ ಒಟಿಪಿ ಅಲ್ಲಿಗೇ ಹೋಗುತ್ತೆ. ಮೊದಲು ಅದನ್ನ ಬದಲಾಯಿಸಿಕೊಡಿ. ಆಧಾರ್‌ಗೆ ಜೋಡಿಸಿದ ನಂಬರನ್ನೂ ಅವಳೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಬದಲಾಯಿಸಿಕೊಳ್ಳಬಹುದು. ಅದು ಆಗೋವರೆಗೆ ಡಿಜಿಲಾಕರ್ ಕೂಡ ತೆರೆಯೋದು ಕಷ್ಟ. ಸಿಮ್ ಅಪ್ಪನ ಹೆಸರಲ್ಲಿದ್ದರೆ ಅವರು ಡೂಪ್ಲಿಕೇಟ್ ಸಿಮ್ ತೆಗೆಸಬಹುದು. ಆಮೇಲೆ ಇವಳ ಒಟಿಪಿ ಎಲ್ಲ ಅವರ ಕೈಗೆ. ಅದಕ್ಕೇ ಅವಳ ಹೆಸರಲ್ಲಿ ಹೊಸ ಸಿಮ್ ಮೊದಲು, ಉಳಿದದ್ದು ಆಮೇಲೆ.

ಮೂರನೇದು ಸ್ಕಾಲರ್‌ಶಿಪ್. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ ಮೂಲಕ ಬರುವ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತೆ. ಪಾಸ್‌ಬುಕ್, ಎಟಿಎಂ ಕಾರ್ಡ್ ಮನೆಯವರ ಕೈಯಲ್ಲಿದ್ದರೆ ಅವಳಿಗೆ ಒಂದು ರೂಪಾಯಿ ಸಿಗಲ್ಲ. ಅವಳ ಒಬ್ಬಳದೇ ಹೆಸರಲ್ಲಿ ಕಾಲೇಜಿನ ಹತ್ತಿರದ ಬ್ಯಾಂಕಲ್ಲಿ ಹೊಸ ಖಾತೆ ತೆರೆಸಿ, ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಿಸುವ) ಫಾರಂ ಅಲ್ಲೇ ಕೊಡಿಸಿ. ಖಾತೆ ತೆರೆದರೆ ಸಾಲದು, ಸೀಡಿಂಗ್ ಬದಲಾಗದಿದ್ದರೆ ಹಣ ಹಳೇ ಖಾತೆಗೇ ಬೀಳುತ್ತೆ. ಹಣ ಬಿಡುಗಡೆಗೆ ಮುಂಚೆ ಇದು ಮುಗಿದಿರಬೇಕು.

ಹಾಜರಾತಿ ವಿಷಯ. ಬಹುತೇಕ ಪದವಿ ಕೋರ್ಸುಗಳಿಗೆ 75 ಪರ್ಸೆಂಟ್ ಬೇಕು, ಎಂಜಿನಿಯರಿಂಗ್‌ನ ವಿಟಿಯುನಲ್ಲಿ 85. ಶಾರ್ಟೇಜ್ ಪಟ್ಟಿ ಸೆಮಿಸ್ಟರ್ ಕೊನೆಯಲ್ಲಿ ಬಂದಾಗ ಓಡಾಡಿದರೆ ಪ್ರಯೋಜನ ಇಲ್ಲ. ಹುಡುಗಿ ಸಂಪರ್ಕ ವ್ಯಕ್ತಿ ಹತ್ತಿರ ಬಂದ ವಾರದಲ್ಲೇ ಒಂದು ಟಿಪ್ಪಣಿ ಕಡತಕ್ಕೆ ಸೇರಬೇಕು: "ಪ್ರಾಂಶುಪಾಲರಿಗೆ ತಿಳಿದಿರುವ ಕಾರಣಗಳಿಂದ ಇಂಥ ದಿನದಿಂದ ಇಂಥ ದಿನದವರೆಗಿನ ಗೈರುಹಾಜರಿಯನ್ನು ರಿಯಾಯಿತಿಗೆ ಪರಿಗಣಿಸುವುದು." ಇಷ್ಟೇ ಸಾಕು. ಕಾರಣ ಬರೆಯಬೇಡಿ. ಆ ಕಡತ ಗುಮಾಸ್ತರಿಂದ ಹಿಡಿದು ವಿಶ್ವವಿದ್ಯಾಲಯದವರೆಗೆ ಹತ್ತು ಕೈ ದಾಟುತ್ತೆ. ಮೆಡಿಕಲ್ ಸರ್ಟಿಫಿಕೇಟ್ ಇದ್ದರೆ ಪ್ರಾಂಶುಪಾಲರ ಹತ್ತಿರ ಮುಚ್ಚಿದ ಲಕೋಟೆಯಲ್ಲಿರಲಿ. ಇಂಟರ್ನಲ್ಸ್ ತಪ್ಪಿದ್ದರೆ ಅಂಕ ಅಪ್‌ಲೋಡ್ ಮಾಡುವ ಕೊನೇ ದಿನಕ್ಕೆ ಮುಂಚೆ ಮರುಪರೀಕ್ಷೆ ಮಾಡಿ. ಪೋರ್ಟಲ್ ಮುಚ್ಚಿದ ಮೇಲೆ ಪ್ರಾಂಶುಪಾಲರಿಗೂ ಕೈ ಕಟ್ಟಿದ ಹಾಗೆ.

ದಾಖಲೆಗಳು ಮನೆಯಲ್ಲೇ ಉಳಿದಿದ್ದರೆ ಗಾಬರಿ ಬೇಡ. ಎಸ್‌ಎಸ್‌ಎಲ್‌ಸಿ, ಪಿಯು ಮಾರ್ಕ್ಸ್ ಕಾರ್ಡಿನ ನಕಲು ಮಲ್ಲೇಶ್ವರದಲ್ಲಿರುವ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಿಂದ ಪಡೆಯಬಹುದು. ಸೇರುವಾಗ ಕಾಲೇಜಿಗೆ ಕೊಟ್ಟ ಪ್ರತಿಗಳನ್ನ ದೃಢೀಕರಿಸಿ ಕೊಟ್ಟರೆ ಅರ್ಧ ಕೆಲಸ ಮುಗಿಯುತ್ತೆ.

ತುರ್ತು ನಿಧಿ ಇಡಿ. ಪರೀಕ್ಷಾ ಶುಲ್ಕ, ಪಿಜಿ ಅಡ್ವಾನ್ಸ್, ಒಂದು ತಿಂಗಳ ಊಟ, ಇಷ್ಟಕ್ಕೆ ಸಾಲುವಂಥದ್ದು. ವೋಚರ್‌ನಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ, ಹೆಸರಿನ ಪಟ್ಟಿ ಪ್ರಾಂಶುಪಾಲರ ಬೀರುವಿನಲ್ಲಿರಲಿ. ಹೀಗೆ ಮಾಡುತ್ತೇವೆ ಅಂತ ಆಡಿಟರ್‌ಗೆ ಮೊದಲೇ ಬರೆದು ತಿಳಿಸಿಬಿಟ್ಟರೆ ವರ್ಷದ ಕೊನೆಗೆ ತಕರಾರು ಬರಲ್ಲ.

ಕೊನೇದಾಗಿ ಟೆಲಿಫೋನ್. "ನಾನು ಅವಳ ಚಿಕ್ಕಪ್ಪ, ಇವತ್ತು ಕ್ಲಾಸ್ ಎಷ್ಟಕ್ಕೆ ಬಿಡುತ್ತೆ?" ಅಂತ ಕೇಳಿದರೆ ಯಾರದೇ ವೇಳಾಪಟ್ಟಿಯನ್ನೂ ಹೇಳಬಾರದು. ಇದು ಒಬ್ಬ ಹುಡುಗಿಗೆ ಮಾತ್ರ ಅಲ್ಲ, ಎಲ್ಲರಿಗೂ ಅನ್ವಯಿಸುವ ನಿಯಮ ಆಗಿರಬೇಕು. ಒಬ್ಬಳ ವಿಷಯಕ್ಕೆ ಮಾತ್ರ "ಹೇಳೋಕಾಗಲ್ಲ" ಅಂದರೆ ಅದೇ ಸುಳಿವಾಗುತ್ತೆ.

ಉತ್ತರ 3: ಹಾಸ್ಟೆಲ್_ವಾರ್ಡನ್

ಇಬ್ಬರೂ ಹೇಳಿದ್ದು ಸರಿ. ಆದರೆ ನಮ್ಮ ಕಷ್ಟವನ್ನೂ ಕೇಳಿ. ಪೋಷಕರಿಗೆ ತಿಳಿಸದೆ ಹುಡುಗಿಯನ್ನು ಹಾಸ್ಟೆಲಿನಲ್ಲಿ ಇಟ್ಟುಕೊಂಡರೆ ನಾಳೆ ಅವರು ಗೇಟಿನ ಹತ್ತಿರ ಬಂದು ಗಲಾಟೆ ಮಾಡುತ್ತಾರೆ, ಮಗಳನ್ನು ಅಪಹರಿಸಿದ್ದಾರೆ ಅಂತ ಸ್ಟೇಷನ್‌ಗೆ ಹೋಗುತ್ತಾರೆ. ಹಾಸ್ಟೆಲ್ ನಿಯಮದಲ್ಲಿ ಪೋಷಕರ ಸಹಿ, ಲೋಕಲ್ ಗಾರ್ಡಿಯನ್ ಸಹಿ ಎರಡೂ ಬೇಕು. ಆಗ ವಾರ್ಡನ್ ಪರವಾಗಿ ನಿಲ್ಲುವವರು ಯಾರು? ಹೊಡೆಯುವ ಅಪ್ಪನ ಸಹಿಯನ್ನೇ ತರಲು ಹೇಳುವುದು ತಪ್ಪು ಅಂತ ನನಗೂ ಗೊತ್ತು. ಕಾನೂನು ತಿಳಿದವರು ಇದಕ್ಕೆ ಲಿಖಿತವಾಗಿ ಏನು ಮಾಡಬಹುದು ಹೇಳಲಿ.

ಉತ್ತರ 4: ಐಸಿ_ಹೊರಸದಸ್ಯೆ (ವಕೀಲೆ)

ವಾರ್ಡನ್ ಮೇಡಂ ಕೇಳಿದ್ದು ನ್ಯಾಯವಾದ ಪ್ರಶ್ನೆ. ಮೊದಲು ಅದಕ್ಕೇ ಉತ್ತರಿಸುತ್ತೇನೆ.

ಎಲ್ಲಕ್ಕೂ ಮೊದಲು ಹುಟ್ಟಿದ ದಿನಾಂಕ ನೋಡಿ. ಮೊದಲ ಸೆಮಿಸ್ಟರಿನಲ್ಲಿ 17 ವರ್ಷದವರೂ ಇರುತ್ತಾರೆ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರಲ್ಲಿ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಹಾಗಾಗಿ "ಯಾರಿಗೂ ಹೇಳಲ್ಲ" ಅಂತ ಯಾರಿಗೂ ಮಾತು ಕೊಡಬೇಡಿ. "ತಿಳಿಯಲೇಬೇಕಾದವರಿಗೆ ಮಾತ್ರ ಹೇಳ್ತೀವಿ, ಹೇಳೋ ಮುಂಚೆ ನಿನಗೆ ತಿಳಿಸ್ತೀವಿ" ಅನ್ನಿ. ಅದನ್ನು ಉಳಿಸಿಕೊಳ್ಳಬಹುದು. ಅಪ್ರಾಪ್ತೆಯಾದರೆ ಮಕ್ಕಳ ಸಹಾಯವಾಣಿ 1098 ಮೂಲಕ ಮಕ್ಕಳ ಕಲ್ಯಾಣ ಸಮಿತಿಯನ್ನೂ ಸೇರಿಸಿಕೊಳ್ಳಿ.

18 ತುಂಬಿದವಳಾದರೆ ಎಲ್ಲಿರಬೇಕು ಅನ್ನುವುದು ಅವಳ ತೀರ್ಮಾನ. ಪೋಷಕರ ಸಹಿ ಹಾಸ್ಟೆಲಿನ ನಿಯಮವೇ ಹೊರತು ಕಾನೂನಲ್ಲ. ಆಡಳಿತ ಮಂಡಳಿ ಒಂದು ನಿರ್ಣಯ ಮಾಡಿ "ಸಂಪರ್ಕ ವ್ಯಕ್ತಿಯ ಶಿಫಾರಸಿನ ಮೇಲೆ, ಪ್ರಾಪ್ತ ವಯಸ್ಕ ವಿದ್ಯಾರ್ಥಿನಿಗೆ ಪೋಷಕರ ಸಹಿಯಿಲ್ಲದೆ 30 ದಿನಗಳ ತುರ್ತು ವಸತಿ" ಅಂತ ಸೇರಿಸಲಿ. ಆಗ ವಾರ್ಡನ್ ಒಬ್ಬರ ಹೆಗಲ ಮೇಲೆ ಹೊರೆ ಬೀಳುವುದಿಲ್ಲ.

ಮಿಸ್ಸಿಂಗ್ ಕಂಪ್ಲೇಂಟ್ ಬಂದೇ ಬರುತ್ತದೆ ಅಂತ ತಿಳಿದುಕೊಂಡೇ ತಯಾರಾಗಿ. ಅವಳು ಮನೆ ಬಿಟ್ಟ ದಿನವೇ ಕೈಬರಹದಲ್ಲಿ ಪತ್ರ ಬರೆಯಲಿ: ನನಗೆ ಇಷ್ಟು ವಯಸ್ಸು, ಇಂಥ ಕಾರಣದಿಂದ ಸ್ವಇಚ್ಛೆಯಿಂದ ಮನೆ ಬಿಟ್ಟಿದ್ದೇನೆ, ಯಾರೂ ಅಪಹರಿಸಿಲ್ಲ, ನನಗೆ ಇಂಥವರಿಂದ ಅಪಾಯವಿದೆ. ಹುಟ್ಟಿದ ದಿನಾಂಕದ ದಾಖಲೆ ಲಗತ್ತಿಸಿ ಊರಿನ ಠಾಣೆಗೂ ಕಾಲೇಜಿನ ವ್ಯಾಪ್ತಿಯ ಠಾಣೆಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ. ಈಗ ಇರುವ ವಿಳಾಸ ಬರೆಯಬೇಡಿ, ವಕೀಲರ ವಿಳಾಸ ಕೊಡಿ. ಪೊಲೀಸರು ಅವಳ ಹೇಳಿಕೆ ಪಡೆದ ಮೇಲೆ ಬಲವಂತವಾಗಿ ಮನೆಯವರಿಗೆ ಒಪ್ಪಿಸುವಂತಿಲ್ಲ. ಸಾಕ್ಷಿಯಾಗಿ ಹೇಳಿಕೆ ಪಡೆಯಬೇಕಾದರೂ ಹೆಣ್ಣುಮಗಳನ್ನು ಠಾಣೆಗೆ ಕರೆಸುವಂತಿಲ್ಲ, ಅವಳಿರುವ ಜಾಗಕ್ಕೇ ಬರಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಸೆಕ್ಷನ್ 179). ಮನೆ ಬಿಡುವ ಹೊತ್ತೇ ಹೆಚ್ಚು ಅಪಾಯದ ಹೊತ್ತು. ಆ ವಾರ ಗೇಟಿನ ಸೆಕ್ಯುರಿಟಿಗೆ ಯಾರನ್ನು ಒಳಗೆ ಬಿಡಬಾರದು ಅನ್ನುವುದು ಗೊತ್ತಿರಲಿ. ಕಾರಣ ಗೊತ್ತಿರಬೇಕಾಗಿಲ್ಲ.

ಇನ್ನು ಯಾವ ಕಾನೂನು ಎಲ್ಲಿ. ಆಂತರಿಕ ಸಮಿತಿ ಇರುವುದು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮತ್ತು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಾವಳಿಯ ಕೆಳಗೆ. ಕ್ಯಾಂಪಸ್ಸಿಗೆ ಸಂಬಂಧಿಸಿದ ಲೈಂಗಿಕ ಕಿರುಕುಳ ಮಾತ್ರ ಅದರ ವ್ಯಾಪ್ತಿ. ಕಾಲೇಜು ಬಸ್, ಶೈಕ್ಷಣಿಕ ಪ್ರವಾಸ, ಫೀಲ್ಡ್ ವರ್ಕ್ ಸೇರಿಯೇ. ಅಪ್ಪ ಹೊಡೆದದ್ದನ್ನು ಐಸಿ ಮುಂದೆ ತಂದು ವಿಚಾರಣೆ ನಡೆಸಿದರೆ ಆ ವರದಿಗೆ ಬೆಲೆಯಿಲ್ಲ, ಅವಳ ಸಮಯವೂ ಹಾಳು.

ಮನೆಯೊಳಗಿನ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಅದು ಹೆಂಡತಿಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಮಗಳು, ತಂಗಿ, ಮದುವೆಯಂಥ ಸಂಬಂಧದಲ್ಲಿ ಒಂದೇ ಸೂರಿನಡಿ ಬದುಕಿದವಳು, ಎಲ್ಲರೂ ಬರುತ್ತಾರೆ. 2016ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎದುರುದಾರರು ಹೆಂಗಸಾದರೂ ಆಗುತ್ತದೆ. ಹೊಡೆತ ಮಾತ್ರವಲ್ಲ, ಹಣ ತಡೆಹಿಡಿಯುವುದು, ಬೈಗುಳ, ಲೈಂಗಿಕ ಹಿಂಸೆ ಎಲ್ಲವೂ ಸೇರಿವೆ. ರಾಯಚೂರಿನ ಹುಡುಗಿ ಬೆಂಗಳೂರಿನ ಹಾಸ್ಟೆಲಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಸೆಕ್ಷನ್ 27ರಂತೆ ಇಲ್ಲಿಯ ಮ್ಯಾಜಿಸ್ಟ್ರೇಟ್ ಮುಂದೆಯೇ ಅರ್ಜಿ ಹಾಕಬಹುದು. ಇದನ್ನು ದಯವಿಟ್ಟು ನೆನಪಿಡಿ. ಊರಿಗೆ ಹೋಗಿಯೇ ಕೇಸು ಹಾಕಬೇಕು ಅಂತ ಯಾರೋ ಹೇಳಿದ್ದನ್ನು ನಂಬಿ ಎಷ್ಟೋ ಹುಡುಗಿಯರು ಸುಮ್ಮನಾಗುತ್ತಾರೆ.

ಈ ಕಾಯ್ದೆಯಡಿ ನೆರವಾಗಬೇಕಾದ ಸಂರಕ್ಷಣಾಧಿಕಾರಿ ಅಂದರೆ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿಡಿಪಿಒ ಅನ್ನುವವರು. ಅವರು ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ತೀರ್ಮಾನ 60 ದಿನದೊಳಗೆ ಅಂತ ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಎಳೆಯುತ್ತದೆ. ಆದ್ದರಿಂದ ಅರ್ಜಿಯ ಜೊತೆಗೇ ಸೆಕ್ಷನ್ 23ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ, ಎದುರು ಕಡೆಯವರನ್ನು ಕೇಳುವ ಮುಂಚೆಯೇ ಕೊಡುವ ಏಕಪಕ್ಷೀಯ ಮಧ್ಯಂತರ ಆದೇಶ ಕೇಳಬೇಕು: ಅವನು ಕಾಲೇಜಿನ ಹತ್ತಿರ ಬರಬಾರದು, ಫೋನ್ ಮಾಡಬಾರದು, ದಾಖಲೆಗಳನ್ನು ಹಿಂದಿರುಗಿಸಬೇಕು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶದ ಪ್ರತಿ ಕಾಲೇಜಿನ ಗೇಟಿನಲ್ಲೂ ಇರಲಿ.

ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಸಹಾಯವಾಣಿ 15100. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿ ಆವರಣದ ವನಿತಾ ಸಹಾಯವಾಣಿಯೂ ಇದೆ, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಹಿಂಸೆಗೆ ಒಳಗಾದ ಹೆಂಗಸರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ 5 ದಿನದವರೆಗೆ ತಂಗಬಹುದು, ಅದು ಮುಂದಿನ ಏರ್ಪಾಡು ಮಾಡಿಕೊಳ್ಳುವಷ್ಟು ಸಮಯ.

ಮಹಿಳಾ_ಘಟಕ_ಬೆಂಗಳೂರು

ತುಂಬಾ ಉಪಕಾರವಾಯಿತು. ಎರಡು ಅನುಮಾನ. ಆರೋಪಿ ನಮ್ಮದೇ ಕಾಲೇಜಿನ ವಿದ್ಯಾರ್ಥಿ ಅಥವಾ ಅಧ್ಯಾಪಕನಾಗಿದ್ದು, ಅವಳು ದೂರು ಕೊಡಲು ಒಪ್ಪಿದರೆ ಐಸಿ ಎಲ್ಲಿ ಎಡವುತ್ತದೆ? ನಮ್ಮ ಸಮಿತಿಯಲ್ಲಿ ಒಬ್ಬ ವಿಭಾಗ ಮುಖ್ಯಸ್ಥರೂ ಇದ್ದಾರೆ. ಇನ್ನೊಂದು, ಅತ್ಯಾಚಾರ ಆಗಿದ್ದು ಅವಳಿಗೆ ಪೊಲೀಸ್ ಬೇಡ ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದೇ?

ಉತ್ತರ 5: ಐಸಿ_ಹೊರಸದಸ್ಯೆ (ವಕೀಲೆ)

ವಿಭಾಗ ಮುಖ್ಯಸ್ಥರನ್ನು ಇವತ್ತೇ ಬದಲಾಯಿಸಿ. ಯುಜಿಸಿ ನಿಯಮದ ಪ್ರಕಾರ ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂಥ ಹಿರಿಯ ಆಡಳಿತ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ. ರಚನೆಯಲ್ಲೇ ತಪ್ಪಿದ್ದರೆ ಆರೋಪಿ ಹೈಕೋರ್ಟಿಗೆ ಹೋಗಿ ಇಡೀ ವಿಚಾರಣೆಯನ್ನೇ ಪ್ರಶ್ನಿಸುತ್ತಾನೆ. ಆಗ ಆ ಹುಡುಗಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ. ಅಧ್ಯಕ್ಷೆ ಹಿರಿಯ ಅಧ್ಯಾಪಕಿ, ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಒಬ್ಬರು ಹೊರಗಿನವರು. ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ದರೆ ಚುನಾಯಿತರಾದ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು. ಕನಿಷ್ಠ ಅರ್ಧದಷ್ಟು ಹೆಂಗಸರು. ವಿದ್ಯಾರ್ಥಿ ಪ್ರತಿನಿಧಿಗಳನ್ನು ಪ್ರಾಂಶುಪಾಲರು ನೇಮಿಸಿಬಿಡುವುದು ಮಾಮೂಲಿ ತಪ್ಪು. ಚುನಾವಣೆ ಆಗಲೇಬೇಕು.

ದೂರಿಗೆ 3 ತಿಂಗಳ ಅವಧಿ, ಕಾರಣ ದಾಖಲಿಸಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ದೂರಿನ ಪ್ರತಿ 7 ದಿನದೊಳಗೆ ಎದುರುದಾರನಿಗೆ, ಅವನ ಉತ್ತರಕ್ಕೆ 10 ದಿನ, ವಿಚಾರಣೆ 90 ದಿನದೊಳಗೆ, ವರದಿ ನಂತರದ 10 ದಿನದಲ್ಲಿ. ಈಗ ಲೆಕ್ಕ ಹಾಕಿ. 90 ದಿನ ಅಂದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರೇ ಮುಗಿದುಹೋಯಿತು. ಅದಕ್ಕೇ ಮಧ್ಯಂತರ ಪರಿಹಾರವನ್ನು ಮೊದಲ ವಾರದಲ್ಲೇ ಕೊಡಬೇಕು. ಅವನ ಸೆಕ್ಷನ್ ಬದಲಾಯಿಸಿ, ಅವಳದ್ದನ್ನಲ್ಲ. ಲ್ಯಾಬ್ ಬ್ಯಾಚ್ ಬದಲಾಯಿಸಿ. ಅಧ್ಯಾಪಕನಾದರೆ ಅವಳ ಉತ್ತರಪತ್ರಿಕೆ, ಇಂಟರ್ನಲ್ಸ್, ವೈವಾ ಯಾವುದನ್ನೂ ಅವನು ಮುಟ್ಟಬಾರದು ಅಂತ ಲಿಖಿತ ಆದೇಶ ಹೊರಡಿಸಿ. ಪಿಎಚ್‌ಡಿ ಮಾರ್ಗದರ್ಶಕನಾದರೆ ಹೊಸ ಮಾರ್ಗದರ್ಶಕರನ್ನು ಕೊಡಿ, ಫೆಲೋಶಿಪ್ ಬಿಲ್ಲಿಗೆ ಅವನ ಸಹಿ ಬೇಕಾಗದಂತೆ ಮಾಡಿ. ಆ ಸಹಿ ತಡೆದೇ ಸಂಶೋಧಕಿಯರ ಬಾಯಿ ಮುಚ್ಚಿಸುತ್ತಾರೆ.

ಸಿಸಿಟಿವಿ ದೃಶ್ಯಗಳು ಕೆಲವು ವಾರಗಳಲ್ಲೇ ತಾನಾಗಿ ಅಳಿಸಿಹೋಗುತ್ತವೆ. ದೂರು ಬಂದ ದಿನವೇ ಸಂಬಂಧಪಟ್ಟ ಕ್ಯಾಮೆರಾ, ದಿನ, ವೇಳೆ ಬರೆದು ಉಳಿಸಿಡಲು ಪತ್ರ ಕೊಡಿ. ವಾಟ್ಸಾಪ್ ಸಂದೇಶಗಳ ಸ್ಕ್ರೀನ್‌ಶಾಟ್ ಒಂದೇ ಸಾಲದು. ನಂಬರ್ ಕಾಣುವ ಹಾಗೆ ತೆಗೆಯಲಿ, ಚಾಟ್ ಎಕ್ಸ್‌ಪೋರ್ಟ್ ಮಾಡಲಿ, ಮೂಲ ಫೋನಿನಿಂದ ಏನನ್ನೂ ಅಳಿಸದಿರಲಿ. ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಬೇಕಾಗುತ್ತದೆ. ಖಾಸಗಿ ಫೋಟೋ ಹಾಕಿದ್ದರೆ ಜಾಲತಾಣಕ್ಕೆ ಅವಳೇ ದೂರಿದ 2 ಗಂಟೆಯೊಳಗೆ ತೆಗೆಯಬೇಕು ಅಂತ 2026ರಲ್ಲಿ ತಿದ್ದುಪಡಿಯಾದ 2021ರ ಐಟಿ ನಿಯಮ ಹೇಳುತ್ತದೆ. ಲಿಂಕ್‌ನ ಸ್ಕ್ರೀನ್‌ಶಾಟ್ ಮೊದಲು, ತೆಗೆಸುವುದು ಆಮೇಲೆ.

ರಾಜಿ ಅವಳು ಕೇಳಿದರೆ ಮಾತ್ರ, ಅದರಲ್ಲೂ ಹಣದ ಮಾತು ಬರುವಂತಿಲ್ಲ. ದೂರು ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರಲ್ಲ, ಅವಳ ಮೇಲೆ ಕ್ರಮ ಜರುಗಿಸುವಂತಿಲ್ಲ. ಇದನ್ನು ಸಮಿತಿಯ ಮೊದಲ ಸಭೆಯಲ್ಲೇ ಓದಿ ಹೇಳಿ.

ಉತ್ತರ 6: ಸ್ತ್ರೀರೋಗ_ವೈದ್ಯೆ

ಕರೆದುಕೊಂಡು ಹೋಗಬಹುದು, ಹೋಗಲೇಬೇಕು. ಎಫ್‌ಐಆರ್ ಇಲ್ಲದೆಯೇ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಬಿಎನ್‌ಎಸ್‌ಎಸ್ 397ರಂತೆ ಉಚಿತವಾಗಿ ಚಿಕಿತ್ಸೆ ಕೊಡಬೇಕು, ನಿರಾಕರಿಸುವುದು ಅಪರಾಧ. ಆಸ್ಪತ್ರೆ ಪೊಲೀಸರಿಗೆ ಮಾಹಿತಿ ಕೊಡುತ್ತದೆ, ಅದು ಅವರ ಕರ್ತವ್ಯ. ಇದನ್ನು ದಾರಿಯಲ್ಲೇ ಅವಳಿಗೆ ಹೇಳಿಬಿಡಿ, ಅಲ್ಲಿ ಹೋದ ಮೇಲೆ ದಿಗಿಲಾಗಬಾರದು. ಪೊಲೀಸರು ಬಂದರೂ "ನನಗೆ ಈಗ ದೂರು ಬೇಡ" ಅಂತ ಅವಳು ಹೇಳಬಹುದು, ಆ ನಿರಾಕರಣೆಯನ್ನು ದಾಖಲಿಸುತ್ತಾರೆ, ಚಿಕಿತ್ಸೆ ನಿಲ್ಲುವುದಿಲ್ಲ. ಪರೀಕ್ಷೆಯ ಯಾವ ಭಾಗಕ್ಕೆ ಬೇಕಾದರೂ ಒಪ್ಪಬಹುದು, ಯಾವುದನ್ನು ಬೇಕಾದರೂ ಬೇಡ ಅನ್ನಬಹುದು.

ಗಡಿಯಾರ ನೋಡಿ ಕೆಲಸ ಮಾಡಬೇಕಾದದ್ದು ಎರಡು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಒಟ್ಟು 28 ದಿನ. ವಾಕರಿಕೆ ಬರುತ್ತದೆ ಅಂತ ಎಷ್ಟೋ ಜನ ಮಧ್ಯದಲ್ಲಿ ಬಿಡುತ್ತಾರೆ, ಸಂಪರ್ಕ ವ್ಯಕ್ತಿ ಅದನ್ನು ವಿಚಾರಿಸುತ್ತಿರಲಿ. ತುರ್ತು ಗರ್ಭನಿರೋಧಕ 1.5 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಒಂದೇ ಡೋಸ್, 72 ಗಂಟೆಯೊಳಗೆ. ಐದು ದಿನದವರೆಗೂ ಕೊಡಬಹುದು, ಆದರೆ ದಿನ ಕಳೆದಂತೆ ಪರಿಣಾಮ ಇಳಿಯುತ್ತದೆ. ಹೆಪಟೈಟಿಸ್ ಬಿ, ಟೆಟನಸ್, ಲೈಂಗಿಕ ಸೋಂಕಿನ ಔಷಧಿಗಳನ್ನು ಆಸ್ಪತ್ರೆ ನೋಡಿಕೊಳ್ಳುತ್ತದೆ.

ಸಾಕ್ಷ್ಯದ ಮಾದರಿಗಳನ್ನು ಸಾಮಾನ್ಯವಾಗಿ 96 ಗಂಟೆಯವರೆಗೆ ತೆಗೆಯಬಹುದು. ಸ್ನಾನ, ಬಾಯಿ ತೊಳೆಯುವುದು, ಬಟ್ಟೆ ಒಗೆಯುವುದು ಮಾಡದಿದ್ದರೆ ಒಳ್ಳೆಯದು. ಮಾಡಿಯಾಗಿದ್ದರೂ ಹೋಗಬೇಕು. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ, ತೇವಕ್ಕೆ ಬೂಷ್ಟು ಹಿಡಿದು ಹಾಳಾಗುತ್ತದೆ. ಪೇಪರ್ ಕವರ್ ಅಥವಾ ದಿನಪತ್ರಿಕೆಯಲ್ಲಿ ಸುತ್ತಿ. ಕುಡಿಯಲು ಏನೋ ಬೆರೆಸಿಕೊಟ್ಟ ಅನುಮಾನ ಇದ್ದರೆ ಮೊದಲ ಮೂತ್ರವನ್ನೇ ಶುದ್ಧವಾದ ಬಾಟಲಿಯಲ್ಲಿ ಹಿಡಿದುಕೊಳ್ಳಲಿ. ಎರಡು ಬೆರಳಿನ ಪರೀಕ್ಷೆ ಮಾಡುವಂತಿಲ್ಲ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದುರ್ನಡತೆ ಎಂದೇ ಹೇಳಿದೆ. ಜೊತೆಗೆ ಹೋದವರು ಅದನ್ನು ತಿಳಿದಿರಲಿ.

ವಾಣಿ ವಿಲಾಸ, ಬೌರಿಂಗ್, ಕೆ.ಸಿ. ಜನರಲ್, ಯಾವುದು ಹತ್ತಿರವೋ ಅಲ್ಲಿಗೆ. ಒಂದು ಜೊತೆ ಬಟ್ಟೆ, ಚಪ್ಪಲಿ, ಪ್ಯಾಡ್, ನೀರು, ಏನಾದರೂ ತಿನ್ನಲು ತೆಗೆದುಕೊಂಡು ಹೋಗಿ. ಹಾಕಿಕೊಂಡ ಬಟ್ಟೆಯನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ. ಗರ್ಭ ನಿಂತಿದ್ದರೆ ಅತ್ಯಾಚಾರದ ಪ್ರಕರಣದಲ್ಲಿ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ, 18 ತುಂಬಿದವಳಿಗೆ ಗಂಡನದಾಗಲಿ ಅಪ್ಪನದಾಗಲಿ ಸಹಿ ಬೇಕಿಲ್ಲ.

ಉತ್ತರ 7: ಆಪ್ತಸಮಾಲೋಚಕಿ

ಅವಳ ಫೋನಿನ ಮೇಲೆ ಬೇರೆಯವರು ಕಣ್ಣಿಡುವ ವಿಷಯ ಯಾರೂ ಹೇಳಲಿಲ್ಲ, ಅದನ್ನಷ್ಟು ಸೇರಿಸುತ್ತೇನೆ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಬೇರೆ ಯಾರಾದರೂ ಓದುತ್ತಿದ್ದಾರೆಯೇ ನೋಡಿ. ಗೂಗಲ್ ಖಾತೆ ಅಣ್ಣ ಮಾಡಿಕೊಟ್ಟದ್ದಾದರೆ ಅವಳಿರುವ ಜಾಗ ಅವನಿಗೆ ಕಾಣುತ್ತಿರಬಹುದು. ಆದರೆ ಎಲ್ಲವನ್ನೂ ಒಂದೇ ಸಲ ಆಫ್ ಮಾಡಬೇಡಿ. ಅವಳು ಇನ್ನೂ ಆ ಮನೆಯಲ್ಲೇ ಇದ್ದರೆ "ಲೊಕೇಶನ್ ಯಾಕೆ ಆಫ್ ಮಾಡಿದೆ?" ಅನ್ನುವುದೇ ಮುಂದಿನ ಏಟಿಗೆ ನೆಪವಾಗುತ್ತದೆ. ಅಲ್ಲಿಯವರೆಗೆ ಕಾಲೇಜಿನ ಲೈಬ್ರರಿ ಕಂಪ್ಯೂಟರಿನಲ್ಲಿ ಹೊಸ ಇಮೇಲ್ ಮಾಡಿಕೊಟ್ಟು ಅದರಲ್ಲೇ ಮಾತಾಡಿ. ನಿಮ್ಮ ಹೆಸರನ್ನು ಅವಳ ಫೋನಿನಲ್ಲಿ "ಮಹಿಳಾ ಘಟಕ" ಅಂತ ಸೇವ್ ಮಾಡಿಸಬೇಡಿ, ಸಹಪಾಠಿಯ ಹೆಸರಿರಲಿ.

ಹುಡುಗರ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಹಿಂಸೆ, ಸೀನಿಯರ್‌ಗಳಿಂದ ಲೈಂಗಿಕ ದೌರ್ಜನ್ಯ ಅವರಿಗೂ ಆಗುತ್ತದೆ. ಯುಜಿಸಿ ನಿಯಮಾವಳಿ ಗಂಡುಮಕ್ಕಳನ್ನೂ ತೃತೀಯ ಲಿಂಗಿಗಳನ್ನೂ ದೌರ್ಜನ್ಯಕ್ಕೆ ಒಳಗಾಗಬಹುದಾದವರೆಂದು ಗುರುತಿಸಿದೆ, ಪೋಕ್ಸೋ 18ರೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ, ತೃತೀಯ ಲಿಂಗಿಗಳಿಗೆ 2019ರ ಕಾಯ್ದೆಯಿದೆ. ಆದರೆ 18 ದಾಟಿದ ಹುಡುಗನಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇಲ್ಲ, ಅತ್ಯಾಚಾರದ ಸೆಕ್ಷನ್ ಕೂಡ ಅನ್ವಯಿಸುವುದಿಲ್ಲ. ಹಲ್ಲೆ, ಬೆದರಿಕೆಯ ಸೆಕ್ಷನ್‌ಗಳಷ್ಟೇ. ಹಾಗಾಗಿ ಅವನಿಗೆ ಕಾಲೇಜು ಕೊಡುವ ಹಾಜರಾತಿ ರಿಯಾಯಿತಿ, ಹಾಸ್ಟೆಲ್ ಕೊಠಡಿ, ತುರ್ತು ನಿಧಿಯೇ ದೊಡ್ಡ ಆಸರೆ. ಸುತ್ತೋಲೆಯಲ್ಲಿ "ವಿದ್ಯಾರ್ಥಿನಿ" ಅಂತ ಮಾತ್ರ ಬರೆಯದೆ "ಯಾವುದೇ ವಿದ್ಯಾರ್ಥಿ" ಅಂತ ಬರೆಸಿ.